ಡೀಫಾಲ್ಟ್ ಅಂದ್ರ ಯಾರ ಡೀಫಾಲ್ಟು?

ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಿಂದ ಪ್ರಾಜೆಕ್ಟ್ ಶುರು ಮಾಡಿದವರೆಲ್ಲರ ಪ್ಯಾಕೇಜ್ ಡಾಟ್ ಜೇಸನ್ ಫೈಲಿನಲ್ಲಿ, ಕೆಳಗೆ ಎಲ್ಲೋ ಮೂಲೆಯಲ್ಲಿ, ಮೂರು ಸಾಲು ಇರುತ್ತವೆ. ಪ್ರೊಡಕ್ಷನ್ ಬಿಲ್ಡ್ ಯಾವ ಯಾವ ಬ್ರೌಸರಿನಲ್ಲಿ ಓಡಬೇಕು ಅಂತ ಹೇಳುವ ಸಾಲುಗಳವು. ಮೊದಲನೆಯದು: ಜಗತ್ತಿನಲ್ಲಿ 0.2%ಗಿಂತ ಹೆಚ್ಚು ಬಳಕೆಯಲ್ಲಿರುವ ಬ್ರೌಸರುಗಳು. ಎರಡನೆಯದು: ‘ನಾಟ್ ಡೆಡ್’. ಮೂರನೆಯದು: ‘ನಾಟ್ ಆಪ್ ಮಿನಿ ಆಲ್’. ಅಂದರೆ ಜೀವಂತ ಇರುವವರೆಲ್ಲ ಬರಲಿ, ಒಪೆರಾ ಮಿನಿಯವರು ಮಾತ್ರ ಒಬ್ಬರೂ ಬೇಡ.

ಇದನ್ನು ಯಾರು ಬರೆದರು ಅಂತ ಗಿಟ್ ಬ್ಲೇಮ್ ಹೊಡೆದು ನೋಡಿ. ‘ಇನಿಶಿಯಲ್ ಕಮಿಟ್ ಫ್ರಮ್ ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಅಂತ ಬರುತ್ತದೆ. ಅಂದರೆ ನಿಮ್ಮ ಟೀಮಿನಲ್ಲಿ ಯಾರೂ ಇದನ್ನು ತೀರ್ಮಾನ ಮಾಡಲೇ ಇಲ್ಲ. ಮೀಟಿಂಗ್ ಆಗಲಿಲ್ಲ, ಜಿರಾ ಟಿಕೆಟ್ ಇಲ್ಲ, ಪ್ರಾಡಕ್ಟ್ ಮ್ಯಾನೇಜರ್‌ಗೆ ಗೊತ್ತಿಲ್ಲ. ಒಂದು ಬಟನ್ನಿನ ಬಣ್ಣ ಕಡುನೀಲಿಯೋ ತಿಳಿನೀಲಿಯೋ ಅಂತ ಮೂರು ಕರೆ, ನಲವತ್ತು ಸ್ಲ್ಯಾಕ್ ಮೆಸೇಜು. ಯಾರಿಗೆ ಬಾಗಿಲು ತೆಗೆಯಬೇಕು, ಯಾರಿಗೆ ಮುಚ್ಚಬೇಕು ಅನ್ನೋದಕ್ಕೆ ಮಾತ್ರ ಶೂನ್ಯ ಚರ್ಚೆ. ಆ ಟೂಲನ್ನೇ 2025ರ ಫೆಬ್ರವರಿಯಲ್ಲಿ ರಿಯಾಕ್ಟ್ ಟೀಮಿನವರು ಅಧಿಕೃತವಾಗಿ ನಿವೃತ್ತಿ ಮಾಡಿದರು. ಅದು ಬಿಟ್ಟುಹೋದ ಆ ಮೂರು ಸಾಲು ನಮ್ಮ ಕಂಪನಿಗಳ ರೆಪೊಗಳಲ್ಲಿ ಇನ್ನೂ ನೌಕರಿ ಮಾಡುತ್ತಿವೆ.

ನನ್ನ ತಕರಾರು ಇಷ್ಟೇ. ಬಿಲ್ಡ್ ಕಾನ್ಫಿಗ್ ಅನ್ನೋದನ್ನು ನಾವು ‘ಬಾಯ್ಲರ್‌ಪ್ಲೇಟ್’ ಅಂತೀವಿ. ಹೊಸದಾಗಿ ಸೇರಿದ ಹುಡುಗರಿಗೆ ‘ಅದನ್ನ ಮುಟ್ಟಬ್ಯಾಡ, ವರ್ಕ್ ಆಗ್ತಿದೆ’ ಅಂತ ಹೇಳಿಕೊಡ್ತೀವಿ. ಇಡೀ ಪ್ರಾಜೆಕ್ಟಿನಲ್ಲಿ ಯಾರು ನಮ್ಮ ಬಳಕೆದಾರರು, ಯಾರು ಅಲ್ಲ ಅಂತ ತೀರ್ಮಾನವಾಗುವ ಜಾಗ ಅದೊಂದೇ. ಆ ತೀರ್ಮಾನವನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತವನ ಟೆಂಪ್ಲೇಟಿಗೆ ಬಿಟ್ಟುಕೊಟ್ಟು, ನಾವು ಇಲ್ಲಿ ‘ಭಾರತ್ ಯೂಸರ್ಸ್’, ‘ನೆಕ್ಸ್ಟ್ ಬಿಲಿಯನ್’ ಅಂತ ಪಿಪಿಟಿ ಮಾಡ್ತೀವಿ.

ನಮ್ಮೂರು ಚಿಮ್ಮಡ. ಮೊದಲು ಜಮಖಂಡಿ ತಾಲೂಕು, ಈಗ ರಬಕವಿ-ಬನಹಟ್ಟಿ. ಒಂದು ಕಡೆ ಮಗ್ಗ, ಇನ್ನೊಂದು ಕಡೆ ಕಬ್ಬು. ಒಪೆರಾ ಮಿನಿ ಅಂದರೆ ಏನು ಅಂತ ನನ್ನ ವಯಸ್ಸಿನ ಉತ್ತರ ಕರ್ನಾಟಕದ ಇಂಜಿನಿಯರುಗಳಿಗೆ ಹೇಳಬೇಕಾಗಿಲ್ಲ. ನಮ್ಮ ಬ್ಯಾಚಿನ ಎಷ್ಟೋ ಜನ ವಿಟಿಯು ರಿಸಲ್ಟ್ ನೋಡಿದ್ದೇ ಕೀಪ್ಯಾಡ್ ನೋಕಿಯಾದ ಒಪೆರಾ ಮಿನಿಯಲ್ಲಿ. ಅದರ ಉಪಾಯ ಸರಳ: ಪುಟವನ್ನು ಫೋನು ತೆರೆಯೋದಿಲ್ಲ, ಒಪೆರಾದವರ ಸರ್ವರ್ ತೆರೆಯುತ್ತದೆ, ಹಿಂಡಿ ಸಣ್ಣದು ಮಾಡಿ ಫೋನಿಗೆ ಕಳಿಸುತ್ತದೆ. ಹಾಗಾಗಿ ಜಾವಾಸ್ಕ್ರಿಪ್ಟ್ ಅದರಲ್ಲಿ ಅಷ್ಟಕ್ಕಷ್ಟೆ. ಅದನ್ನು ಪಟ್ಟಿಯಿಂದ ತೆಗೆದಿದ್ದಕ್ಕೂ ಕಾರಣ ಇಲ್ಲದಿಲ್ಲ. ಅದೊಂದು ಪಟ್ಟಿಯಲ್ಲಿದ್ದರೆ ಬೇಬೆಲ್ ಎಲ್ಲ ಕೋಡನ್ನೂ ಹಳೆಯ ಇಎಸ್5ಗೆ ಇಳಿಸುತ್ತದೆ, ಹೊಸ ಫೋನಿನವರಿಗೂ ದಪ್ಪ ಫೈಲು ಹೋಗುತ್ತದೆ. ಕಾರಣ ಒಪ್ಪೋಣ. ಆ ಕಾರಣವನ್ನು ಓದಿ, ತೂಗಿ, ‘ಸರಿ, ನಮ್ಮ ಆ್ಯಪಿಗೂ ಇದೇ ಇರಲಿ’ ಅಂತ ಹೇಳಿದ ಒಬ್ಬ ಟೆಕ್ ಲೀಡ್ ಬೆಂಗಳೂರಿನಲ್ಲಿ ಸಿಕ್ಕರೆ ನನಗೆ ತಿಳಿಸಿ, ಊಟ ನನ್ನ ಕಡೆಯಿಂದ.

ಈಗ ಒಂದು ಪ್ರಕರಣ ಹೇಳ್ತೀನಿ. ಕಂಪನಿ ಹೆಸರು ಬೇಡ. ಕಬ್ಬು ಬೆಳೆಗಾರರಿಗೆ ಅಂತಲೇ ಮಾಡಿದ ಒಂದು ವೆಬ್ ಆ್ಯಪ್. ಕಟಾವಿನ ಸರದಿ, ತೂಕದ ಚೀಟಿ, ಬಿಲ್ಲು ಎಷ್ಟು ಬಾಕಿ, ಎಲ್ಲ ಅದರಲ್ಲೇ ಕಾಣಬೇಕು. ಡಿಸೈನ್ ಚಂದ ಇತ್ತು. ಟ್ರ್ಯಾಕ್ಟರಿನ ಐಕಾನು ನೋಡಿದರೆ ಹತ್ತಬೇಕು ಅನಿಸೋ ಹಾಗಿತ್ತು. ಅದು ಶುರುವಾದ ವಾರವೇ ನಮ್ಮ ಕಾಕಾ ಫೋನ್ ಮಾಡಿದರು.

“ತಮ್ಮಾ, ಅದೇನೋ ಲಿಂಕ್ ಕಳಿಸ್ಯಾರಲ್ಲೋ, ಒತ್ತಿದ್ರ ಬರೇ ಬಿಳೀ ಹಾಳಿ ಬರ್ತೈತಿ. ಏನೂ ಕಾಣವಲ್ದು.”

“ನೆಟ್ ಐತೇನ್ರಿ ಕಾಕಾ?”

“ನೆಟ್ ಐತೋ ಮಾರಾಯಾ. ವಾಟ್ಸಾಪಿನ್ಯಾಗ ವಿಡಿಯೋ ಓಡಾಕತ್ತಾವು.”

ಅಂದರೆ ಜಿಯೋ ಬಂದ ಮೇಲೆ ಡೇಟಾ ಅಗ್ಗ ಆಯ್ತಲ್ಲ, ಇನ್ನೇನು ಸಮಸ್ಯೆ ಅಂತ ನೀವು ಕೇಳೋ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಡೇಟಾ ಇತ್ತು. ಫೋನಿನ ಮೆಮರಿ ತುಂಬ ಗುಡ್ ಮಾರ್ನಿಂಗ್ ಫೋಟೋ ತುಂಬಿ, ಕ್ರೋಮ್ ಅಪ್‌ಡೇಟ್ ಆಗದೆ ವರ್ಷಗಳೇ ಆಗಿದ್ದವು. ವರ್ಷನ್ 74ಕ್ಕೆ ನಿಂತಿತ್ತು. ಜಾವಾಸ್ಕ್ರಿಪ್ಟಿನಲ್ಲಿ ನಾವು ದಿನಕ್ಕೆ ನೂರು ಸಲ ಬರೆಯುವ ಪ್ರಶ್ನಾರ್ಥಕ-ಚುಕ್ಕಿ, ಅಂದರೆ ಆಪ್ಷನಲ್ ಚೈನಿಂಗ್, ಕ್ರೋಮಿಗೆ ಅರ್ಥ ಆಗಿದ್ದು 80ನೇ ವರ್ಷನ್ನಿನಿಂದ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಯಾವುದೋ ಫಂಕ್ಷನ್ ಇಲ್ಲದಿದ್ದರೆ ಆ ಭಾಗವಷ್ಟೇ ಕೆಡುತ್ತದೆ. ವ್ಯಾಕರಣವೇ ಅರ್ಥ ಆಗದಿದ್ದರೆ ಬ್ರೌಸರ್ ಇಡೀ ಫೈಲನ್ನು ಎಸೆದುಬಿಡುತ್ತದೆ. ಸಿಂಗಲ್ ಪೇಜ್ ಆ್ಯಪಿನಲ್ಲಿ ಆ ಫೈಲೇ ಇಡೀ ಪುಟ. ಉಳಿಯುವುದು ಒಂದು ಖಾಲಿ ಡಿವ್. ಕಾಕಾ ಹೇಳಿದ ಬಿಳೀ ಹಾಳಿ.

ವೀಟ್ ಕಾನ್ಫಿಗ್ ತೆಗೆದು ನೋಡಿದರೆ ಬಿಲ್ಡ್ ಟಾರ್ಗೆಟ್ ಜಾಗದಲ್ಲಿ ‘ಇಎಸ್‌ನೆಕ್ಸ್ಟ್’ ಅಂತ ಇತ್ತು. ಯಾವ ಬ್ರೌಸರಿಗೂ ತಗ್ಗಿಸಬೇಡ, ಬರೆದದ್ದನ್ನು ಹಾಗೇ ಕಳಿಸು ಅಂತ ಅದರ ಅರ್ಥ. ಅದು ಅಲ್ಲಿಗೆ ಬಂದ ಕಥೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಯಾರೋ ಫೈಲಿನ ತುದಿಯಲ್ಲಿ ಅವೇಟ್ ಬರೆದರು, ‘ಟಾಪ್ ಲೆವೆಲ್ ಅವೇಟ್ ಈ ಟಾರ್ಗೆಟ್ಟಿನಲ್ಲಿ ನಡೆಯಲ್ಲ’ ಅಂತ ಎರರ್ ಬಂತು, ಎರರನ್ನು ಕಾಪಿ ಮಾಡಿ ಹುಡುಕಿದರು, ಮೊದಲ ಉತ್ತರದಲ್ಲೇ ‘ಟಾರ್ಗೆಟ್ಟನ್ನು ಇಎಸ್‌ನೆಕ್ಸ್ಟ್ ಮಾಡಿ’ ಅಂತಿತ್ತು, ಮಾಡಿದರು. ಕಮಿಟ್ ಮೆಸೇಜ್: ‘ಫಿಕ್ಸ್ ಬಿಲ್ಡ್’. ಬಿಲ್ಡ್ ಫಿಕ್ಸ್ ಆಯ್ತು, ನಿಜ. ಆ ಅವೇಟನ್ನು ಒಂದು ಫಂಕ್ಷನ್ನಿನ ಒಳಗೆ ಹಾಕಿದ್ದರೆ ಎರಡು ಸಾಲಿನ ಕೆಲಸ.

ಇನ್ನು ಇಎಸ್‌ನೆಕ್ಸ್ಟ್ ಇಲ್ಲದಿದ್ದರೂ ಕಾಕಾಗೆ ಹಾಳಿ ಬಿಳಿಯಾಗೇ ಕಾಣುತ್ತಿತ್ತು ಅನ್ನೋದು ಇನ್ನೊಂದು ಮಾತು. ವೀಟ್‌ನ ಆಗಿನ ಡೀಫಾಲ್ಟು ಕ್ರೋಮ್ 87. 2025ರಲ್ಲಿ ಬಂದ 7ನೇ ವರ್ಷನ್ನಿನಲ್ಲಿ ಅದು ಕ್ರೋಮ್ 107 ಆಯಿತು. ಆಂಡ್ರಾಯ್ಡ್ 6 ಫೋನುಗಳಿಗೆ ಗೂಗಲ್ ಕೊಟ್ಟ ಕೊನೆಯ ಕ್ರೋಮ್ 106. ಒಂದೇ ಒಂದು ನಂಬರಿನಿಂದ ಹೊರಗೆ! ಅವತ್ತೇ ಎಲ್ಲ ಒಡೆದುಹೋಗುತ್ತದೆ ಅಂತಲ್ಲ, ಆದರೆ ಇನ್ಮೇಲೆ ಒಡೆದರೆ ಕೇಳೋರು ಯಾರೂ ಇಲ್ಲ. ನಮ್ಮ ಕಡೆ ಇನ್ನೂ ಮನೆಮನೆಯಲ್ಲಿ ಕಾಣುವ ಜಿಯೋಫೋನಿನ ಮಾತು ಬಿಡಿ. 2017ರಲ್ಲಿ ಬಂದ ಅದರ ಕೈಓಎಸ್ ಒಳಗಿರೋದು ಫೈರ್‌ಫಾಕ್ಸ್ 48ರ ಕಾಲದ ಎಂಜಿನ್. ಅಸಿಂಕ್ ಅನ್ನೋ ಪದವೇ ಅದಕ್ಕೆ ಗೊತ್ತಿಲ್ಲ.

ಈ ಮಾತನ್ನು ಸ್ಟ್ಯಾಂಡಪ್ಪಿನಲ್ಲಿ ಎತ್ತಿದರೆ ಬರುವ ಮೊದಲ ಉತ್ತರ: ‘ಗುರೂ, ಅನಲಿಟಿಕ್ಸ್ ನೋಡು. ನಮ್ಮ ಯೂಸರ್ಸ್ 99% ಲೇಟೆಸ್ಟ್ ಕ್ರೋಮ್.’ ಡ್ಯಾಶ್‌ಬೋರ್ಡ್ ತೋರಿಸ್ತಾರೆ. ಚಂದದ ಹಸಿರು ವೃತ್ತ. ಅಲ್ಲಾ ಸ್ವಾಮಿ, ಅನಲಿಟಿಕ್ಸ್ ಕೋಡ್ ಇರೋದು ಎಲ್ಲಿ? ಅದೇ ಬಂಡಲಿನ ಒಳಗೆ. ಬಂಡಲೇ ಓಡದ ಫೋನು ಲೆಕ್ಕಕ್ಕೆ ಬರೋದು ಹೇಗೆ? ಕಾಕಾ ಆ ಲಿಂಕನ್ನು ಹತ್ತು ಸಲ ಒತ್ತಿದರು. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಅವರು ಹುಟ್ಟೇ ಇಲ್ಲ. ಬಾಗಿಲಿಗೆ ಕೀಲಿ ಹಾಕಿ, ಒಳಗಿದ್ದವರ ತಲೆ ಎಣಿಸಿ, ‘ನೋಡಿ, ಎಲ್ಲರೂ ಒಳಗೇ ಇದ್ದಾರೆ’ ಅಂದ ಹಾಗಾಯ್ತು. ಇದೇ ಅಂಕಿಯನ್ನು ಹಿಡಕೊಂಡು ಮುಂದಿನ ಕ್ವಾರ್ಟರ್‌ನಲ್ಲಿ ಟಾರ್ಗೆಟ್ಟನ್ನು ಇನ್ನೂ ಮೇಲಕ್ಕೆ ಎತ್ತುತ್ತಾರೆ.

ಬ್ರೌಸರ್‌ಲಿಸ್ಟ್ ಅನ್ನೋ ಟೂಲಿನಲ್ಲಿ ದೇಶದ ಲೆಕ್ಕವನ್ನು ಕೇಳೋ ಅವಕಾಶ ಇದೆ. ‘ಇಂಡಿಯಾದಲ್ಲಿ 0.5%ಗಿಂತ ಹೆಚ್ಚು’ ಅಂತ ಬರೆಯಬಹುದು. ಸ್ವಂತ ಅಂಕಿಅಂಶದ ಫೈಲನ್ನೂ ಕೊಡಬಹುದು. ಜಗತ್ತಿನ ಸರಾಸರಿಗಿಂತ ಅದು ಮೇಲು. ಆದರೂ ಇಂದಿರಾನಗರ ಮತ್ತು ಚಿಮ್ಮಡ ಎರಡೂ ಇಂಡಿಯಾನೇ. ಯಾರಿಗೆ ಮಾಡುತ್ತಿದ್ದೇವೆ ಅಂತ ಗೊತ್ತಿದ್ದರೆ ಸರಾಸರಿ ನೋಡೋದು ಯಾಕೆ? ಆ ಟೂಲು ಬಿಲ್ಡ್ ಮಾಡಿದಾಗಲೆಲ್ಲ ‘ನಿನ್ನ ಡೇಟಾ ಹಳೆಯದಾಗಿದೆ, ಅಪ್‌ಡೇಟ್ ಮಾಡು’ ಅಂತ ಗೋಗರೆಯುತ್ತದೆ. ಟರ್ಮಿನಲ್ಲಿನಲ್ಲಿ ಅದು ಮೇಲಕ್ಕೆ ಸರಿದು ಹೋಗೋದನ್ನು ನಾವು ರೈಲಿನ ಕಿಟಕಿಯಲ್ಲಿ ಊರು ಸರಿದು ಹೋಗೋದನ್ನು ನೋಡಿದ ಹಾಗೆ ನೋಡ್ತೀವಿ.

ಎಚ್ಚರಿಕೆಯನ್ನು ನಾವು ನಡೆಸಿಕೊಳ್ಳುವ ರೀತಿಗೆ ಬೇರೆಯೇ ಒಂದು ಅಧ್ಯಾಯ ಬೇಕು. ಆ್ಯಂಗುಲರ್‌ನಲ್ಲಿ ಬಜೆಟ್ ಅಂತ ಒಂದು ಸೆಟ್ಟಿಂಗ್ ಇದೆ. ಮೊದಲು ಇಳಿಯುವ ಫೈಲುಗಳ ಒಟ್ಟು ಗಾತ್ರ 500 ಕೆಬಿ ದಾಟಿದರೆ ಎಚ್ಚರಿಕೆ, 1 ಎಂಬಿ ದಾಟಿದರೆ ಬಿಲ್ಡೇ ನಿಲ್ಲುತ್ತದೆ. ಎಷ್ಟು ಒಳ್ಳೆಯ ವ್ಯವಸ್ಥೆ ನೋಡಿ. ‘ಅಣ್ಣಾ, ಭಾರ ಜಾಸ್ತಿ ಆಯ್ತು, ಏನಾದರೂ ಇಳಿಸು’ ಅಂತ ಯಂತ್ರವೇ ಹೇಳುತ್ತದೆ. ನಾವೇನು ಮಾಡ್ತೀವಿ? ಆ್ಯಂಗುಲರ್ ಡಾಟ್ ಜೇಸನ್ ತೆಗೆದು 1 ಎಂಬಿ ಇದ್ದದ್ದನ್ನು 5 ಎಂಬಿ ಮಾಡ್ತೀವಿ. ವೆಬ್‌ಪ್ಯಾಕ್ 244 ಕಿಬಿ ದಾಟಿದರೆ ಹೇಳುತ್ತದೆ. ‘ಹಿಂಟ್ಸ್ ಫಾಲ್ಸ್’ ಅಂತ ಬಾಯಿ ಮುಚ್ಚಿಸ್ತೀವಿ. ವೀಟ್ 500 ಕೆಬಿಗೆ ಹೇಳುತ್ತದೆ. ಮಿತಿಯನ್ನು 1600ಕ್ಕೆ ಏರಿಸ್ತೀವಿ. 1600 ಯಾಕೆ? ಉತ್ತರ ಕೊಟ್ಟವನು ಹಾಗೆ ಬರೆದಿದ್ದ, ಅದಕ್ಕೆ.

ಕಬ್ಬಿನ ಸೀಮೆಯವರಿಗೆ ‘ಕಾಟಾ’ ಅಂದರೆ ಗೊತ್ತು. ಗಾಡಿ ತೂಗುವ ಕಾಟಾ. ಅದರಲ್ಲಿ ಮೋಸ ಆದರೆ ಊರಿಗೆ ಊರೇ ರಸ್ತೆಗೆ ಬಂದು ಕೂರುತ್ತದೆ. ಇಲ್ಲಿ ಬೆಂಗಳೂರಿನಲ್ಲಿ ಕೂತು ನಾವು ದಿನಾ ಮಾಡ್ತಿರೋದು ಅದೇ: ಭಾರ ಇಳಿಸೋದಿಲ್ಲ, ಕಾಟಾ ತಿದ್ದುತ್ತೀವಿ. ನೆಕ್ಸ್ಟ್‌ನಲ್ಲಿ ‘ಇಗ್ನೋರ್ ಬಿಲ್ಡ್ ಎರರ್ಸ್’, ಹಳೇ ವೆಬ್‌ಪ್ಯಾಕ್ ಪ್ರಾಜೆಕ್ಟಿನಲ್ಲಿ ‘ಓಪನ್‌ಎಸ್ಎಸ್ಎಲ್ ಲೆಗಸಿ ಪ್ರೊವೈಡರ್’, ಎನ್‌ಪಿಎಂ ಜಗಳಕ್ಕೆ ನಿಂತರೆ ‘ಲೆಗಸಿ ಪಿಯರ್ ಡೆಪ್ಸ್’, ಎಲ್ಲ ಇದೇ ಜಾತಿ. ಅವನ್ನು ಬಿಡೋಣ, ಅವುಗಳಿಂದ ಹಾಳಾಗೋದು ನಮ್ಮದೇ ನಿದ್ದೆ. ಗಾತ್ರದ ವಿಷಯ ಹಾಗಲ್ಲ. 3 ಎಂಬಿ ಜಾವಾಸ್ಕ್ರಿಪ್ಟ್ ಇಳಿಯೋದು 4ಜಿಯಲ್ಲಿ ದೊಡ್ಡ ಮಾತಲ್ಲ. ಅದನ್ನು ಬಿಚ್ಚಿ, ಓದಿ, ಕಂಪೈಲ್ ಮಾಡಿ ಓಡಿಸಬೇಕಾದದ್ದು ಆರು ಸಾವಿರ ರೂಪಾಯಿ ಫೋನಿನ ಪ್ರೊಸೆಸರು. ನಿಮ್ಮ ಮ್ಯಾಕ್‌ಬುಕ್ಕಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗೋ ಕೆಲಸಕ್ಕೆ ಅದು ಬಿಸಿಯಾಗಿ ಬೆವರುತ್ತದೆ.

ಈಗ ಕನ್ನಡಕ್ಕೆ ಬರ್ತೀನಿ. ಫೋನ್ ಹಳೆಯದು ಅನ್ನೋ ನೆಪ ಇಲ್ಲಿ ನಡೆಯೋದಿಲ್ಲ, ನಿಮ್ಮ ಹೊಸ ಐಫೋನಿಗೂ ಇದು ಅನ್ವಯ.

ಯುಟಿಎಫ್-8ನಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ‘ಕನ್ನಡ’ ಅನ್ನೋ ಪದದಲ್ಲಿ ವಿರಾಮ ಚಿಹ್ನೆಯೂ ಸೇರಿ 5 ಸಂಕೇತ, 15 ಬೈಟ್. ಅದು ಲಿಪಿಯ ಹಣೆಬರಹ, ಆಗಲಿ. ಆದರೆ ಇಎಸ್‌ಬಿಲ್ಡ್ ಅನ್ನೋ ಬಂಡ್ಲರಿನ ಡೀಫಾಲ್ಟ್ ಏನು ಗೊತ್ತಾ? ಹೊರಬರುವ ಫೈಲಿನಲ್ಲಿ ಆಸ್ಕಿ ಬಿಟ್ಟು ಬೇರೇನೂ ಇರಬಾರದು. ಅಂದರೆ ನೀವು ‘ಕ’ ಬರೆದರೆ ಅದು ಬ್ಯಾಕ್‌ಸ್ಲ್ಯಾಶ್, ಯು, ಸೊನ್ನೆ, ಸಿ, ಒಂಬತ್ತು, ಐದು ಅಂತ ಆರು ಅಕ್ಷರವಾಗಿ ಹೊರಗೆ ಬರುತ್ತದೆ. 15 ಬೈಟಿನ ‘ಕನ್ನಡ’ 30 ಬೈಟ್ ಆಯಿತು. ಕ್ಯಾರ್‌ಸೆಟ್ ಯುಟಿಎಫ್-8 ಅಂತ ಒಂದು ಸಾಲು ಬರೆದರೆ ಮುಗೀತು, ಬರೆಯೋರಿಲ್ಲ. ಕ್ರಿಯೇಟ್ ರಿಯಾಕ್ಟ್ ಆ್ಯಪ್ ಕೂಡ ತನ್ನ ಟರ್ಸರ್ ಸೆಟ್ಟಿಂಗಿನಲ್ಲಿ ‘ಆಸ್ಕಿ ಓನ್ಲಿ’ ಅಂತ ಹಾಕಿತ್ತು. ಕಾರಣ ಏನಂತೆ? ಎಮೋಜಿ ಸರಿಯಾಗಿ ಮಿನಿಫೈ ಆಗುತ್ತಿರಲಿಲ್ಲವಂತೆ. ನಗುವ ಮುಖವೊಂದು ಸುಖವಾಗಿರಲಿ ಅಂತ ಇಡೀ ವರ್ಣಮಾಲೆಯನ್ನು ಉಬ್ಬಿಸಿದರು. ಜಿಪ್ ಮಾಡಿದ ಮೇಲೆ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ ಅಂತ ಯಾರಾದರೂ ಕೈ ಎತ್ತುತ್ತೀರಿ, ಗೊತ್ತು. ದಾರಿಯಲ್ಲಿ ಕಡಿಮೆ ಆಗುತ್ತದೆ. ಫೋನಿಗೆ ಬಂದ ಮೇಲೆ ಬಿಚ್ಚಿ ಓದಬೇಕಾದದ್ದು ಉಬ್ಬಿದ್ದನ್ನೇ.

ದಿನಾಂಕದ ಕಥೆ ಇದಕ್ಕಿಂತ ಮಜಾ. ಮೊಮೆಂಟ್ ಅನ್ನೋ ಲೈಬ್ರರಿಯಲ್ಲಿ ಕನ್ನಡದ ಫೈಲು ಇದೆ. ಯಾರೋ ಪುಣ್ಯಾತ್ಮರು ಕೂತು ತಿಂಗಳು, ವಾರ ಎಲ್ಲ ಬರೆದಿದ್ದಾರೆ. ಬಂಡಲ್ ಸಣ್ಣದಾಗಲಿ ಅಂತ ಎಲ್ಲರೂ ಮೊದಲು ಮಾಡುವ ಕೆಲಸ, ಲೊಕೇಲ್ ಫೋಲ್ಡರನ್ನೇ ಇಗ್ನೋರ್ ಪ್ಲಗಿನ್ನಿನಿಂದ ಕಿತ್ತುಹಾಕೋದು. ಬೇಕಾದ ಭಾಷೆಯನ್ನು ಒಂದು ಸಾಲಿನಲ್ಲಿ ಪ್ರತ್ಯೇಕವಾಗಿ ಇಂಪೋರ್ಟ್ ಮಾಡಿಕೊಳ್ಳಬೇಕು ಅನ್ನೋ ಎರಡನೇ ಅರ್ಧ ಯಾರಿಗೂ ನೆನಪಿರಲ್ಲ. ಗಾತ್ರ ಇಳಿಸಬೇಕು ಅಂದಾಗ ಮೂರು ಚಾರ್ಟ್ ಲೈಬ್ರರಿ ಹಾಗೇ ಉಳಿದವು, ಹೋಗಿದ್ದು ಕನ್ನಡ. ನೋಡ್‌ನ ಕಥೆಯೂ ಹಾಗೇ: 2019ರಲ್ಲಿ 13ನೇ ವರ್ಷನ್ ಬರುವ ತನಕ ಅದರ ಸಾಮಾನ್ಯ ಬಿಲ್ಡಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ದಿನಾಂಕ, ಅಂಕಿಗಳ ಮಾಹಿತಿಯೇ ಇರಲಿಲ್ಲ. ಸರ್ವರಿನಲ್ಲಿ ಕನ್ನಡ ಕೇಳಿದರೆ ಸದ್ದಿಲ್ಲದೆ ಇಂಗ್ಲಿಷ್ ಕೊಡುತ್ತಿತ್ತು. ಎರರ್ ಕೂಡ ಇಲ್ಲ!

ನೆಕ್ಸ್ಟ್‌ನ ಹೊಸ ಪ್ರಾಜೆಕ್ಟ್ ತೆಗೆಯಿರಿ. ಫಾಂಟಿನ ಜಾಗದಲ್ಲಿ ಸಬ್‌ಸೆಟ್ಸ್ ಅಂತ ಇದ್ದು, ಒಳಗೆ ‘ಲ್ಯಾಟಿನ್’ ಅಂತ ಬರೆದಿರುತ್ತದೆ. ನೋಟೋ ಸಾನ್ಸ್ ಕನ್ನಡ ಹಾಕಿಕೊಂಡವರು ಕೂಡ ಆ ಲ್ಯಾಟಿನ್ನನ್ನು ಹಾಗೇ ಬಿಟ್ಟಿರೋದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕನ್ನಡ ಫಾಂಟು ಹಾಕಿ, ಅದರಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಮುಂಚೆಯೇ ತರಿಸು ಅಂತ ಹೇಳಿದ ಹಾಗಾಯ್ತಲ್ಲ! ಪಕ್ಕದಲ್ಲಿ ‘ಕನ್ನಡ’ ಅಂತ ಬರೆಯೋ ಅವಕಾಶ ಫ್ರೇಮ್‌ವರ್ಕ್ ಕೊಟ್ಟಿದೆ. ಅಮೆರಿಕದವನನ್ನು ಬೈದು ಪ್ರಯೋಜನ ಇಲ್ಲ, ಅವನು ಜಾಗ ಬಿಟ್ಟಿದ್ದಾನೆ. ತುಂಬಬೇಕಾದವರು ನವೆಂಬರ್ ಒಂದಕ್ಕೆ ಆಫೀಸಿನಲ್ಲಿ ಹಳದಿ-ಕೆಂಪು ಶಾಲು ಹೊದ್ದು ಸೆಲ್ಫಿ ಹೊಡೆಯುತ್ತಿದ್ದರು.

ಬನಹಟ್ಟಿಯ ನೇಕಾರರ ಮನೆಯಲ್ಲಿ ಹಾಸು ಹೂಡೋದನ್ನು ನೋಡಿದ್ದೀರಾ? ಸೀರೆ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಎಳೆ, ಅಂಚು ಯಾವುದು ಅನ್ನೋದೆಲ್ಲ ಲಾಳಿ ಓಡುವ ಮುಂಚೆಯೇ ತೀರ್ಮಾನ ಆಗಿರುತ್ತದೆ. ಆ ಕೆಲಸವನ್ನು ಮನೆಯ ಹಿರಿಯರು ಕೂತು ಮಾಡ್ತಾರೆ, ಯಾಕೆಂದರೆ ಅಲ್ಲಿ ತಪ್ಪಿದರೆ ಆಮೇಲೆ ಎಷ್ಟು ಚಂದ ನೇಯ್ದರೂ ಅಷ್ಟೇ. ನಮ್ಮಲ್ಲಿ ಮಾತ್ರ ಹಾಸಿನ ಕೆಲಸವನ್ನು ಇಂಟರ್ನ್‌ಗೆ, ಈಗೀಗ ಎಐಗೆ ಕೊಡ್ತೀವಿ. ಎಐ ಕೂಡ ಅದೇ ಲ್ಯಾಟಿನ್, ಅದೇ ಇಎಸ್‌ನೆಕ್ಸ್ಟ್ ಬರೆದುಕೊಡುತ್ತದೆ. ಅದು ಕಲಿತದ್ದು ನಮ್ಮ ರೆಪೊ ಓದಿಯೇ ಅಲ್ಲವಾ.

‘ಅವರು ನಮ್ಮ ಟಾರ್ಗೆಟ್ ಗ್ರೂಪ್ ಅಲ್ಲ’ ಅನ್ನೋದು ಕೊನೆಯ ಗುರಾಣಿ. ಫುಡ್ ಡೆಲಿವರಿ ಆ್ಯಪ್ ಮಾಡೋರು ಹಾಗಂದರೆ ನಾನು ವಾದಕ್ಕೆ ಬರಲ್ಲ, ಚಿಮ್ಮಡದಲ್ಲಿ ಪಿಜ್ಜಾ ಬರದಿದ್ದರೆ ಯಾರೂ ಉಪವಾಸ ಬೀಳಲ್ಲ. ಆದರೆ ಪಹಣಿ, ಪಿಂಚಣಿ, ಬೆಳೆ ವಿಮೆ, ಸ್ಕಾಲರ್‌ಶಿಪ್, ಕಬ್ಬಿನ ಬಿಲ್ಲು ಇವನ್ನು ತೋರಿಸುವ ಪುಟ ಮಾಡುತ್ತಾ ಹಾಗನ್ನೋದು ಯಾವ ನ್ಯಾಯ? ಅಲ್ಲಿ ಬಳಕೆದಾರನಿಗೆ ಬೇರೆ ಅಂಗಡಿ ಇಲ್ಲ. ಹಣಕಾಸಿನವರನ್ನೇ ನೋಡಿ. ಸ್ಮಾರ್ಟ್‌ಫೋನ್ ಇಲ್ಲದವರಿಗೂ ಯುಪಿಐ ಸಿಗಲಿ ಅಂತ 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಯುಪಿಐ 123ಪೇ ತಂದಿತು. ಬರೀ ಕರೆ ಮಾಡಿ ದುಡ್ಡು ಕಳಿಸಬಹುದು. ಅಷ್ಟು ಕೆಳಗಿನ ತನಕ ಇಳಿದು ಯೋಚಿಸೋದು ಸಾಧ್ಯ ಅಂತಾಯ್ತು. ನಾವು ಇಳಿಯಬೇಕಾದದ್ದು ಕ್ರೋಮ್ 74ರ ತನಕ ಮಾತ್ರ.

ಅದಕ್ಕೆ ದಾರಿಯೂ ಹೊಸದೇನಲ್ಲ. ವೀಟ್‌ಗೆ ಲೆಗಸಿ ಪ್ಲಗಿನ್ ಇದೆ; ಒಂದೇ ಕೋಡಿನಿಂದ ಎರಡು ಬಗೆಯ ಫೈಲು ಮಾಡುತ್ತದೆ. ಹೊಸ ಬ್ರೌಸರಿಗೆ ತೆಳುವಾದದ್ದು, ಹಳೆಯದಕ್ಕೆ ತಗ್ಗಿಸಿದ್ದು. ಯಾವುದು ಬೇಕೋ ಅದನ್ನು ಫೋನೇ ಆರಿಸಿಕೊಳ್ಳುತ್ತದೆ. ನಿಮ್ಮ ಐಫೋನಿಗೆ ಭಾರ ಆಗಲ್ಲ. ತಡ ಆಗೋದು ನಮ್ಮ ಬಿಲ್ಡ್ ಸರ್ವರಿಗೆ, ಅದೂ ಒಂದು ನಿಮಿಷದ ಆಸುಪಾಸು. ಆ ನಿಮಿಷದಲ್ಲಿ ನಾವು ಹೇಗೂ ಕಾಫಿ ಮಷಿನ್ ಹತ್ತಿರ ನಿಂತಿರ್ತೀವಿ.

ಕಬ್ಬಿನ ಆ ಆ್ಯಪಿಗೆ ಇದನ್ನು ಹಾಕಿ, ಟಾರ್ಗೆಟ್ ಇಳಿಸಿ, ಹಳೆಯ ಫೋನೊಂದನ್ನು ಒಎಲ್‌ಎಕ್ಸ್‌ನಲ್ಲಿ ಕೊಂಡು ಓಡಿಸಿ ನೋಡಿಯೇ ಪುಲ್ ರಿಕ್ವೆಸ್ಟ್ ಕಳಿಸಿದೆ. ಬದಲಾದದ್ದು ಒಟ್ಟು 14 ಸಾಲು. ಮೂರು ವಾರದಿಂದ ತೆರೆದೇ ಇದೆ. ಒಂದೇ ಒಂದು ಕಮೆಂಟು ಬಂದಿದೆ: ‘ನೈಸ್ ಟು ಹ್ಯಾವ್. ಬಿಲ್ಡ್ ಟೈಮ್ ಜಾಸ್ತಿ ಆಗ್ತಿದೆ. ನೆಕ್ಸ್ಟ್ ಕ್ವಾರ್ಟರ್ ನೋಡೋಣ.’

ನೆಕ್ಸ್ಟ್ ಕ್ವಾರ್ಟರ್ ಅಂದರೆ ಜನವರಿ. ನಮ್ಮ ಕಡೆ ಕಾರ್ಖಾನೆಗಳು ಕಬ್ಬು ನುರಿಸೋಕೆ ಶುರು ಮಾಡೋದು ನವೆಂಬರಿನಲ್ಲಿ.